ಗಾಳಿ ತುಂಬದೆ ತೂತು ಹುಡುಕುವ ಪಾಠ

ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ನೀವೂ ಎಂದಾದರೂ ಸಿಕ್ಕಿಕೊಂಡಿರಬಹುದು. ಒಂದು ಲಾರಿ ಭಾರ ಹೊತ್ತೂ ಸಲೀಸಾಗಿ ಏರುತ್ತದೆ. ಅಷ್ಟೇ ಭಾರ ಹೊತ್ತ ಇನ್ನೊಂದು ಕಪ್ಪು ಹೊಗೆ ಉಗುಳುತ್ತ ತೆವಳುತ್ತದೆ. ಎರಡನೆಯದಕ್ಕೆ ಡೀಸೆಲ್ ಸಾಕಷ್ಟು ಸಿಗುತ್ತಿದೆ. ಅದನ್ನು ಪೂರ್ತಿ ಉರಿಸಲು ಬೇಕಾದ ಗಾಳಿ ಸಿಗುತ್ತಿಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ರಿಪೇರಿಗೆ ತೀರ ಅಗ್ಗವಾದದ್ದು, ಆದರೆ ಸುಲಭವಾಗಿ ಕಣ್ತಪ್ಪಿಸಿಕೊಳ್ಳುವುದು, ಟರ್ಬೊಚಾರ್ಜರ್ ಒತ್ತಿ ಕಳಿಸಿದ ಗಾಳಿ ಎಂಜಿನ್ ಸೇರುವ ಮೊದಲೇ ದಾರಿಯಲ್ಲಿ ಸೋರಿಹೋಗುವುದು.

ಡಿಪ್ಲೊಮಾ ತರಗತಿಗಳಿಗೆ ಪಾಠ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಸೋರಿಕೆಯನ್ನು ಹುಡುಕುವ ಬಗೆಗಿನ ಒಂದು ತರಬೇತಿ ಕೈಪಿಡಿಯನ್ನು ತಂದು ತೋರಿಸಿದ. "ಸರ್, ಇದರಲ್ಲಿ ಹೇಳಿದ ಹಾಗೆಯೇ ಮಾಡಿದೆವು. ಏನೂ ಸಿಗಲಿಲ್ಲ. ಲಾರಿ ಮಾಲೀಕರು ಸಾಲ ಮಾಡಿ ಟರ್ಬೊ ಬದಲಾಯಿಸಿದರು. ಹೊಗೆ ಹಾಗೇ ಇದೆ" ಎಂದ. ಹೀಗಾಗಿ ಆ ಕೈಪಿಡಿಯನ್ನು ನಾನು ಕುಳಿತು ಓದಬೇಕಾಯಿತು.

ಮೊದಲು ಮೆಚ್ಚಬೇಕಾದ್ದನ್ನು ಹೇಳಿಬಿಡುತ್ತೇನೆ. ಕನ್ನಡ ಸರಳವಾಗಿದೆ, ಚಿತ್ರಗಳು ಸ್ಪಷ್ಟವಾಗಿವೆ. ಏರ್ ಫಿಲ್ಟರ್, ಕಂಪ್ರೆಸರ್, ಇಂಟರ್‌ಕೂಲರ್, ಮ್ಯಾನಿಫೋಲ್ಡ್ - ಗಾಳಿಯ ದಾರಿಯನ್ನು ಇಷ್ಟು ಚೆನ್ನಾಗಿ ಬಿಡಿಸಿರುವ ಕನ್ನಡ ಪುಸ್ತಕವನ್ನು ನಾನು ಹೆಚ್ಚು ಕಂಡಿಲ್ಲ. ತಪ್ಪಿರುವುದು ಭೌತಶಾಸ್ತ್ರದಲ್ಲಿ. ಅದು ಹೇಳುವ ವಿಧಾನದ ಸಾರ ಇಷ್ಟು: ಎಂಜಿನ್ ಚಾಲೂ ಮಾಡಿ ಐಡ್ಲಿಂಗ್‌ನಲ್ಲಿ ಬಿಡಬೇಕು, ಹೋಸ್‌ಗಳ ಕೀಲುಗಳ ಮೇಲೆ ಕಾರ್ಬ್ಯುರೇಟರ್ ಸ್ಪ್ರೇ ಸಿಂಪಡಿಸಬೇಕು, ಎಲ್ಲಿ ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾಗುತ್ತದೋ ಅಲ್ಲಿ ಸೋರಿಕೆ ಇದೆ.

ಇದು ಪೆಟ್ರೋಲ್ ಎಂಜಿನ್ನಿನಿಂದ ತಂದ ವಿಧಾನ. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಅದರಾಚೆಗಿನ ಮ್ಯಾನಿಫೋಲ್ಡಿನಲ್ಲಿ ಒತ್ತಡ ಹೊರಗಿನ ವಾಯುಭಾರಕ್ಕಿಂತ ಬಹಳ ಕಡಿಮೆ. ಬಿರುಕಿದ್ದರೆ ಹೊರಗಿನದು ಒಳಗೆ ಹೋಗುತ್ತದೆ, ಸಿಂಪಡಿಸಿದ ದ್ರವವೂ ಹೋಗುತ್ತದೆ. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವುದು ಒಳಬರುವ ಇಂಧನದ ಪ್ರಮಾಣ, ಗಾಳಿಯ ಪ್ರಮಾಣವಲ್ಲ. (ಹೊಸ ಎಂಜಿನ್‌ಗಳಲ್ಲಿ ಗಾಳಿಯ ದಾರಿಗೂ ಒಂದು ಬಾಗಿಲಿರಬಹುದು, ಅದರ ಉದ್ದೇಶ ಬೇರೆ.) ಐಡ್ಲಿಂಗ್‌ನಲ್ಲಿ ಟರ್ಬೊ ನಿಧಾನವಾಗಿ ಸುತ್ತುತ್ತದೆ, ಹೋಸಿನ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಒಂದೇ. ಒತ್ತಡದ ವ್ಯತ್ಯಾಸವೇ ಇಲ್ಲದ ಕಡೆ ಯಾವುದು ಯಾವ ದಿಕ್ಕಿಗೆ ಹರಿಯಬೇಕು? ಘಾಟಿಯಲ್ಲಿ ಪೂರ್ಣ ಭಾರದ ಮೇಲೆ ವ್ಯತ್ಯಾಸ ಹುಟ್ಟಿದಾಗಲಾದರೂ ಹರಿವು ಒಳಗಿನಿಂದ ಹೊರಕ್ಕೆ. ನೀವು ಸಿಂಪಡಿಸಿದ್ದನ್ನು ಅದು ಮುಖಕ್ಕೇ ಎರಚುತ್ತದೆಯೇ ಹೊರತು ಒಳಗೆ ಸೇರಿಸದು. ಮೇಲಾಗಿ ರಬ್ಬರ್ ಹೋಸಿನ ಎಷ್ಟೋ ಬಿರುಕುಗಳು ಹೋಸ್ ಉಬ್ಬಿದಾಗ ಮಾತ್ರ ಬಾಯಿ ತೆರೆಯುತ್ತವೆ.

ನಮ್ಮೂರಿನ ಪಂಕ್ಚರ್ ಅಂಗಡಿಯವನಿಗೆ ಇದು ಗೊತ್ತು. ಆತ ಮೊದಲು ಟ್ಯೂಬಿಗೆ ಗಾಳಿ ತುಂಬುತ್ತಾನೆ, ಆಮೇಲೆ ನೀರಿನಲ್ಲಿ ಮುಳುಗಿಸುತ್ತಾನೆ.

ವಿಚಿತ್ರವೆಂದರೆ ಕೈಪಿಡಿಯ ವಿಧಾನ ಫಲ ಕೊಡಬಹುದಾದ ಜಾಗವೊಂದಿದೆ: ಏರ್ ಫಿಲ್ಟರ್ ಮತ್ತು ಕಂಪ್ರೆಸರ್ ನಡುವಿನ ಕೊಳವೆ. ಅಲ್ಲಿ ಕೊಂಚ ಎಳೆತ ಇರುತ್ತದೆ. ಆದರೆ ಅಲ್ಲಿ ಒಳಹೋದ ಉರಿಯುವ ದ್ರವ ಡೀಸೆಲ್ ಎಂಜಿನ್ನಿಗೆ ಪಂಪಿನ ಲೆಕ್ಕಕ್ಕೆ ಸಿಗದ ಇಂಧನವಾಗುತ್ತದೆ, ಎಂಜಿನ್ನಿನ ವೇಗ ಹಿಡಿತ ಮೀರಬಹುದು. ಪಕ್ಕದಲ್ಲೇ ಕಾದ ಟರ್ಬೈನ್ ಕವಚ ಇರುತ್ತದೆ, ಬೆಂಕಿಯ ಭಯ ಬೇರೆ. ಈ ವಾಕ್ಯವನ್ನು ಕೈಪಿಡಿಯಿಂದ ತೆಗೆದುಹಾಕಲೇಬೇಕು.

ಸೋರಿಕೆ ಎಷ್ಟು ದೊಡ್ಡದೆಂಬ ಅಂದಾಜನ್ನೂ ಕೈಪಿಡಿ ಕೊಡುವುದಿಲ್ಲ. ಲೆಕ್ಕ ಕಷ್ಟದ್ದಲ್ಲ, ತರಗತಿಯಲ್ಲಿ ಮಾಡಿಸಬಹುದು. ಹೊರಗಿನ ಉಷ್ಣತೆ 300 ಕೆಲ್ವಿನ್, ಟರ್ಬೊ ಗಾಳಿಯನ್ನು 1 ಬಾರ್‌ನಿಂದ 2.5 ಬಾರ್‌ಗೆ ಒತ್ತುತ್ತದೆ ಎನ್ನಿ. ಕಂಪ್ರೆಸರ್ ದಕ್ಷತೆ ಶೇಕಡಾ 75 ಆದರೆ ಗಾಳಿ ಸುಮಾರು 420 ಕೆಲ್ವಿನ್, ಅಂದರೆ 147 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಸಾಂದ್ರತೆ ಹೆಚ್ಚುವುದು 1.8 ಪಟ್ಟು ಮಾತ್ರ. ಇಂಟರ್‌ಕೂಲರ್ ಅದನ್ನು 50 ಡಿಗ್ರಿಗೆ ಇಳಿಸಿದರೆ 2.3 ಪಟ್ಟು. ಈಗ ಹೋಸಿನಲ್ಲಿ 6 ಮಿಲಿಮೀಟರ್ ವ್ಯಾಸದ ತೂತು. ಎರಡೂ ಬದಿಯ ಒತ್ತಡಗಳ ಅನುಪಾತ ಸುಮಾರು 1.9 ದಾಟಿರುವುದರಿಂದ ತೂತಿನ ಇಕ್ಕಟ್ಟಿನಲ್ಲಿ ಗಾಳಿ ಶಬ್ದದ ವೇಗವನ್ನೇ ಮುಟ್ಟುತ್ತದೆ. ಹರಿವಿನ ಗುಣಾಂಕ 0.7 ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 11 ಗ್ರಾಂ ಗಾಳಿ ನಷ್ಟ. 5.7 ಲೀಟರಿನ ಎಂಜಿನ್ ನಿಮಿಷಕ್ಕೆ 2,400 ಸುತ್ತಿನಲ್ಲಿ ಸೇವಿಸುವುದು ಸೆಕೆಂಡಿಗೆ ಸುಮಾರು 280 ಗ್ರಾಂ. ನಷ್ಟ ಶೇಕಡಾ 4.

ಇಷ್ಟೇ ತಾನೆ ಎನ್ನಬೇಡಿ. ಮ್ಯಾನಿಫೋಲ್ಡಿನಲ್ಲಿ ಒತ್ತಡ ಕಡಿಮೆಯಾದರೆ ವೇಸ್ಟ್‌ಗೇಟ್ ತೆರೆಯುವುದು ತಡವಾಗುತ್ತದೆ. ಟರ್ಬೈನಿಗೆ ಹೆಚ್ಚು ಅನಿಲ ಸಿಕ್ಕಿ ಟರ್ಬೊ ಇನ್ನೂ ಜೋರಾಗಿ ಸುತ್ತಿ ಕೊರತೆ ತುಂಬಲು ಹೆಣಗುತ್ತದೆ. ಮೊದಲೇ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿರುವ ಯಂತ್ರ ಅದು. ಸೋರಿಕೆಯನ್ನು ಹಾಗೇ ಬಿಟ್ಟು ಹೊಸ ಟರ್ಬೊ ಕೂರಿಸಿದರೆ ಹೊಸದರ ಆಯುಸ್ಸೂ ಸವೆಯುತ್ತದೆ.

ಕೈಪಿಡಿಯ ಮುಂದಿನ ಪುಟದಲ್ಲಿ ಸರಿಯಾದ ವಿಧಾನದ ಅರ್ಧ ಇದೆ: ಎಂಜಿನ್ ನಿಲ್ಲಿಸಿ, ಕಂಪ್ರೆಸರ್ ಬಾಯಿಗೆ ಬಿರಡೆ ಬಿಗಿದು, ಹೊರಗಿನಿಂದ ಗಾಳಿ ತುಂಬುವುದು. ಆದರೆ ಎಷ್ಟು ಒತ್ತಡಕ್ಕೆ ಎಂಬುದು ಇಲ್ಲ. 8 ಸೆಂಟಿಮೀಟರ್ ವ್ಯಾಸದ ಬಿರಡೆಯ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. 1 ಬಾರ್ ತುಂಬಿದರೆ ಅದರ ಮೇಲಿನ ಬಲ 50 ಕಿಲೋಗ್ರಾಂ ತೂಕಕ್ಕೆ ಸಮ. ಟೈರಿಗೆ ಗಾಳಿ ಹಿಡಿಯುವ ಕಂಪ್ರೆಸರಿನ 8 ಬಾರ್ ಒತ್ತಡವನ್ನು ನೇರವಾಗಿ ಬಿಟ್ಟರೆ ನಾಲ್ಕು ಕ್ವಿಂಟಲ್! ರೆಗ್ಯುಲೇಟರ್ ಇಟ್ಟು, ಕಡಿಮೆ ಒತ್ತಡದಿಂದ ಆರಂಭಿಸಿ, 1 ಬಾರ್ ಒಳಗೇ ನಿಲ್ಲಿಸಬೇಕು. ಬಿರಡೆಯ ಎದುರು ಯಾರೂ ನಿಲ್ಲಬಾರದು.

"ಗೇಜಿನ ಮುಳ್ಳು ಇಳಿದರೆ ಸೋರಿಕೆ ಇದೆ" ಎಂಬ ತೀರ್ಮಾನವೂ ತಪ್ಪು. ನಿಂತ ಎಂಜಿನ್ನಿನಲ್ಲಿ ಯಾವುದಾದರೂ ಸಿಲಿಂಡರಿನ ಒಳ ಕವಾಟ ತೆರೆದಿರುತ್ತದೆ. ಗಾಳಿ ಪಿಸ್ಟನ್ ರಿಂಗುಗಳ ಸಂದಿನಿಂದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಎರಡೂ ಕವಾಟಗಳು ತೆರೆದ ಸ್ಥಾನದಲ್ಲಿದ್ದರೆ ಸೈಲೆನ್ಸರಿನಿಂದ ಹೊರಡುತ್ತದೆ. ನಿರ್ದೋಷ ಎಂಜಿನ್ನಿನಲ್ಲೂ ಮುಳ್ಳು ಇಳಿಯುತ್ತದೆ. ಆದ್ದರಿಂದ ಕೇಳಬೇಕಾದ್ದು ಇಳಿಯಿತೇ ಎಂದಲ್ಲ, ಎಲ್ಲಿಂದ ಹೋಯಿತು ಎಂದು. ಅದನ್ನು ಹೇಳುವುದು ಸೋಪಿನ ನೀರು. ಒಂದು ಮಿಲಿಮೀಟರ್ ತ್ರಿಜ್ಯದ ಸೋಪುಗುಳ್ಳೆ ಉಬ್ಬಲು ನೂರು ಪಾಸ್ಕಲ್‌ನಷ್ಟು ಹೆಚ್ಚುವರಿ ಒತ್ತಡ, ಅಂದರೆ ಒಂದು ಬಾರ್‌ನ ಸಾವಿರದ ಒಂದು ಭಾಗ ಸಾಕು. ದೊಡ್ಡ ತೂತಿನ ಮೇಲೆ ಗುಳ್ಳೆ ನಿಲ್ಲದೆ ಹಾರಿಹೋಗುತ್ತದೆ. ಅಲ್ಲಿ ಕಿವಿಯೇ ಸಾಕು.

ಕಪ್ಪು ಹೊಗೆಯೇ ಲಕ್ಷಣ ಎಂಬ ಮಾತಿಗೂ ತಿದ್ದುಪಡಿ ಬೇಕು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ಲಾರಿಗಳಲ್ಲಿ ಸಂವೇದಕಗಳು ಗಾಳಿ ಕಡಿಮೆಯಾದುದನ್ನು ಕಂಡು ಇಂಧನವನ್ನೂ ಕಡಿತಗೊಳಿಸುತ್ತವೆ, ಉಳಿದ ಮಸಿಯನ್ನು ಶೋಧಕ ಹಿಡಿಯುತ್ತದೆ. ಹೊಗೆ ಕಾಣದೆ ಎಳೆತ ಮಾತ್ರ ಕುಂದುತ್ತದೆ. ಮ್ಯಾನಿಫೋಲ್ಡಿನ ಸಂವೇದಕ ತೋರಿಸುವುದು ನಿರಪೇಕ್ಷ ಒತ್ತಡವನ್ನು. ಎಂಜಿನ್ ನಿಂತಿದ್ದಾಗ ಮಂಗಳೂರಿನಲ್ಲಿ ಅದು ಸುಮಾರು 100 ಕಿಲೋಪಾಸ್ಕಲ್, ಬೆಂಗಳೂರಿನಲ್ಲಿ ಸುಮಾರು 91 ತೋರಿಸಬೇಕು.

ದೂರನ್ನೆಲ್ಲ ಕೈಪಿಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಷಿ ಟರ್ಬೊಚಾರ್ಜಿಂಗ್‌ಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ನಾನು ಇಪ್ಪತ್ತೈದು ವರ್ಷ ತರಗತಿಯಲ್ಲಿ ಡೀಸೆಲ್ ಚಕ್ರದ ಚಿತ್ರ ಬಿಡಿಸಿದ್ದೇನೆ. ಪ್ರತಿ ಸಲವೂ ಅದನ್ನು ವಾಯುಭಾರದ ಒತ್ತಡದಿಂದಲೇ ಆರಂಭಿಸಿದ್ದೇನೆ. ಹೊರಗೆ ರಸ್ತೆಯಲ್ಲಿ ಓಡುವ ಲಾರಿಯಲ್ಲಿ ಆ ಬಿಂದು ಎಲ್ಲಿರುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಕೈಪಿಡಿ ಬರೆದವರು ನಮ್ಮಂಥವರ ತರಗತಿಗಳಿಂದಲೇ ಹೊರಬಂದಿರಬೇಕು.

ಶಿಷ್ಯ ಮುಂದಿನ ಭಾನುವಾರ ಅದೇ ಲಾರಿಗೆ ಬಿರಡೆ ಹಾಕಿ ಮುಕ್ಕಾಲು ಬಾರ್ ಗಾಳಿ ತುಂಬಿದ. ಇಂಟರ್‌ಕೂಲರಿನ ಕೆಳಗಿನ ಹೋಸ್ ಒಂದು ಪಟ್ಟಿಗೆ ಉಜ್ಜಿ ಅಡಿಬದಿಯಲ್ಲಿ ಬಿರಿದಿತ್ತು. ಮೇಲಿನಿಂದ ನೋಡಿದವರಿಗೆ ಕಾಣುವಂತಿರಲಿಲ್ಲ. ಸೋಪಿನ ನೀರು ಹಚ್ಚುವ ಮೊದಲೇ ಬುಸ್ಸೆಂದಿತು. ಬಿಚ್ಚಿ ಹಾಕಿದ್ದ ಹಳೆಯ ಟರ್ಬೊ ಶೆಡ್ಡಿನ ಮೂಲೆಯಲ್ಲಿ ಇನ್ನೂ ಬಿದ್ದಿತ್ತು. ಅದರ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿದನಂತೆ. ಎಲ್ಲೂ ತಾಗದೆ, ಅಲುಗದೆ ತಿರುಗಿತು.