ಮೀನಿನ ಸಾರಿಗೂ ಶಾಸ್ತ್ರವಿದೆ

ಕನ್ನಡದಲ್ಲಿ ಅಡುಗೆಯ ಶಾಸ್ತ್ರ ಬರೆದವರು ಯಾರ ಒಲೆಯ ಮುಂದೆ ಕೂತು ಬರೆದರು? ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಹಾಡಿದ. ಬದನೆ, ಬಾಳೆ, ಹಲಸು ಎಲ್ಲಕ್ಕೂ ಅಲ್ಲಿ ಜಾಗವುಂಟು, ಮೀನಿಗಿಲ್ಲ. ಮಂಗರಸ ಜೈನ. ಅವನ ಧರ್ಮ ಅವನಿಗೆ, ಅದಕ್ಕೆ ನಮ್ಮ ತಕರಾರಿಲ್ಲ. ಅವನ ಅಡುಗೆಮನೆಯನ್ನೇ ಇಡೀ ಕನ್ನಡದ ಅಡುಗೆಮನೆ ಎಂದು ಸಾರುವವರ ಮೇಲೆ ನಮ್ಮ ತಕರಾರು.

ಅವನಿಗೂ ಸುಮಾರು ನಾಲ್ಕು ಶತಮಾನ ಹಿಂದೆ, ಇದೇ ನೆಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರಲ್ಲಿ ಮೀನಿನ ಜಾತಿಗಳಿವೆ, ಅವಕ್ಕೆ ಹಾಕುವ ತೀನಿಯಿದೆ, ಮೀನನ್ನು ತುಂಡು ಮಾಡಿ ತೊಳೆದು ಹುಣಸೆ ರಸದಲ್ಲಿ ಬೇಯಿಸುವ ಕ್ರಮವೂ ಇದೆ. ಗಾಳ ಹಾಕುವುದಕ್ಕೆ ಅಲ್ಲಿ ‘ಮತ್ಸ್ಯವಿನೋದ’ ಎಂದು ಹೆಸರು. ದೊರೆ ಗಾಳ ಹಾಕಿದರೆ ವಿನೋದ, ಬೆಸ್ತ ಬಲೆ ಬೀಸಿದರೆ ಕುಲಕಸುಬು. ದೊರೆಯ ಹುಣಸೆ ರಸ ಶಾಸ್ತ್ರ, ನಮ್ಮವ್ವನ ಹುಣಸೆಹುಳಿ ನಾತ! ಯಾರು ಬರೆದ ಲೆಕ್ಕ ಇದು?

ದೊರೆಯನ್ನು ಬಿಟ್ಟು ನಮ್ಮ ದಾವಣಗೆರೆಗೆ ಬರೋಣ. ವಿದ್ಯಾನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ನಮಗೆ ಎದುರಾದ ಮೊದಲ ಪ್ರಶ್ನೆ, “ಏನ್ ತಿಂತೀರಿ?” ನಾವು ಡಿಗ್ರಿ ಹೇಳಿದೆವು, ಅವರು ಒಲೆ ಕೇಳಿದರು. ಬೆಣ್ಣೆದೋಸೆಗೆ ಹೆಸರಾದ ಈ ಊರಿನಿಂದ ಸುಮಾರು 14 ಕಿಲೋಮೀಟರಿನಾಚೆ, ಹರಿಹರದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹೊಳೆಯ ಗೆಂಡೆ ಮೀನು ಇಡಿಯಾಗಿ ಮನೆಗೆ ಬಂದರೆ ನಮ್ಮವ್ವ ಮೊದಲು ಕಿವಿರು ಎತ್ತಿ ನೋಡುತ್ತಾಳೆ. ಅದು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಬಾಲದಿಂದ ತಲೆಯ ಕಡೆಗೆ ಹುರುಪೆ ಹೆರೆದು, ಹೊಟ್ಟೆ ಸೀಳಿ, ಪಿತ್ತದ ಚೀಲ ಒಡೆಯದಂತೆ ತೆಗೆಯುತ್ತಾಳೆ; ಒಡೆದರೆ ಮೀನು ಕಹಿ. ಬೂದಿ, ಕಲ್ಲುಪ್ಪು ಹಚ್ಚಿ ತಿಕ್ಕಿ ಲೋಳೆ ಬಿಡಿಸುತ್ತಾಳೆ. ಖಾರ, ಹುಳಿ ಚೆನ್ನಾಗಿ ಕುದ್ದ ಮೇಲೆ ಮೊದಲು ತಲೆ, ಆಮೇಲೆ ತುಂಡು. “ಸೌಟ್ ಹಾಕ್ಬ್ಯಾಡಲೇ, ಮೀನು ಪುಡಿ ಆಗ್ತೈತಿ. ಗಡಿಗಿ ಹಿಡ್ದು ತಿರುಗ್ಸು.”

ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ಈ ಅರಿವಿಗೆ ವಿಮರ್ಶಕರು ಔಚಿತ್ಯ ಎನ್ನುತ್ತಾರೆ. ಕ್ಷೇಮೇಂದ್ರನ ಹೆಸರು ನಾವು ಕೇಳಿದ್ದು ಕಾಲೇಜಿನಲ್ಲಿ. ಔಚಿತ್ಯ ಕಂಡದ್ದು ಅವ್ವನ ಗಡಿಗೆಯಲ್ಲಿ. ಅಕ್ಷರ ಬಾರದವಳ ಕೈಯಲ್ಲಿದ್ದದ್ದರಿಂದ ಅದು ಗ್ರಂಥವಾಗಲಿಲ್ಲ, ಅಷ್ಟೆ.

ಈ ಮಾತು ಬರೀ ಅಡುಗೆಮನೆಯದ್ದಲ್ಲ, ಸಾಹಿತ್ಯದ ಅಂಗಳದ್ದೂ ಹೌದು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದ ಸೂಚನೆಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿಗೆ ಸೇರಿಸಿ ನಿಷೇಧಿಸಲಾಗಿತ್ತು. ಬಾಡೂಟ ಬೇಕೆಂದು ಜನ ದನಿಯೆತ್ತಿದರು. ಅದನ್ನು ಹೊಟ್ಟೆಬಾಕರ ಗದ್ದಲ ಎಂದುಕೊಂಡವರಿಗೆ ಪ್ರಶ್ನೆಯೇ ಅರ್ಥವಾಗಿಲ್ಲ. ಅಲ್ಲಿ ಕೇಳಿದ್ದು ತುಂಡನ್ನಲ್ಲ, ಪಂಕ್ತಿಯಲ್ಲಿ ನಮ್ಮ ಎಲೆಯನ್ನು.

ನಮ್ಮವರು ಹಸಿವನ್ನು ಬರೆದರೆ ಮರುಗಿ ಓದುತ್ತಾರೆ. ರುಚಿಯನ್ನು ಬರೆದರೆ ಮೂಗು ಮುಚ್ಚುತ್ತಾರೆ. ಹಸಿದವನಿಗೆ ಹೊಟ್ಟೆಯಿದೆ ಎಂದು ಒಪ್ಪುವ ವಿಮರ್ಶೆ, ಅವನಿಗೆ ನಾಲಿಗೆಯೂ ಇದೆ ಎಂದು ಒಪ್ಪಲಿ. ಹಸಿವಿನ ಜೊತೆಗೆ ನಾವು ರುಚಿಯನ್ನೂ ಬರೆಯುತ್ತೇವೆ, ಮೀನಿನ ವಾಸನೆಯ ಸಮೇತ.