ಮಣ್ಣೆತ್ತು ಮತ್ತು ಭೂಕಲೆ: ಹಾವೇರಿ ಸೀಮೆಯ ಮಣ್ಣಿನ ಆಚರಣೆಗಳ ಪರಿಶೀಲನೆ

ನೆಲವನ್ನೇ ಮಾಧ್ಯಮವಾಗಿಸಿಕೊಂಡ ಭೂಕಲೆಯು 1960ರ ದಶಕದ ಕೊನೆಯಲ್ಲಿ ಅಮೆರಿಕೆಯಲ್ಲಿ ರೂಪುಗೊಂಡಿತೆಂಬುದು ಕಲಾಚರಿತ್ರೆಯ ಸಾಮಾನ್ಯ ನಿರೂಪಣೆ. ರಾಬರ್ಟ್ ಸ್ಮಿತ್ಸನ್ 1970ರಲ್ಲಿ ಯೂಟಾದ ಉಪ್ಪುನೀರಿನ ಸರೋವರದಲ್ಲಿ ಕಪ್ಪುಕಲ್ಲು ಹಾಗೂ ಮಣ್ಣು ಸುರಿದು ನಿರ್ಮಿಸಿದ ಸುಮಾರು 1500 ಅಡಿ ಉದ್ದದ ಸುರುಳಿ ಇದರ ಪ್ರಸಿದ್ಧ ನಿದರ್ಶನ. ಭೂಕಲೆಯನ್ನು ನಿಸರ್ಗದ ಕಾಳಜಿಯ ಅಭಿವ್ಯಕ್ತಿಯೆಂದು ವ್ಯಾಖ್ಯಾನಿಸುವ ವಾಡಿಕೆಯಿದೆ. ಜನಪದರ ಮಣ್ಣಿನ ಆಚರಣೆಗಳಿಗೆ ಈ ಹೆಸರು ಒಪ್ಪುವುದೇ ಎಂಬುದು ವಿಚಾರಾರ್ಹ.

ಉತ್ತರ ಕರ್ನಾಟಕದ ಇತರ ಭಾಗಗಳಂತೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪರಿಸರದಲ್ಲೂ ಮುಂಗಾರಿನಿಂದ ಭಾದ್ರಪದದವರೆಗೆ ಮಣ್ಣಿನ ಪೂಜೆಗಳ ಸರಣಿಯೇ ಇದೆ. ಕಾರಹುಣ್ಣಿಮೆಯ ಅನಂತರದ ಅಮಾವಾಸ್ಯೆಗೆ ಜೋಡೆತ್ತು ಮತ್ತು ಗ್ವಾದಲಿ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಅದರ ಬೆನ್ನಿಗೇ ಜೋಕುಮಾರ. ಇವೆಲ್ಲ ಹಸಿಮಣ್ಣಿನ ರೂಪಗಳು, ಸುಡುವ ಕ್ರಮವಿಲ್ಲ. ಸುಟ್ಟ ಮಣ್ಣು ಮತ್ತೆ ಹೊಲವಾಗದು, ಹಸಿಮಣ್ಣು ಕರಗಿ ನೆಲಕ್ಕೆ ಸೇರುತ್ತದೆ. ಬೇಕಾದಷ್ಟೇ ಮಣ್ಣನ್ನು ತಂದು, ಪೂಜಿಸಿ, ನೀರಿಗೋ ನೆಲಕ್ಕೋ ಹಿಂದಿರುಗಿಸುವುದೇ ಇಲ್ಲಿನ ಕಟ್ಟಳೆ. ಸ್ಮಿತ್ಸನ್ನನ ಕೃತಿಗೆ ಕರ್ತೃವಿನ ಹೆಸರಿದೆ, ಛಾಯಾಚಿತ್ರ ಮತ್ತು ಚಲನಚಿತ್ರದ ದಾಖಲೆಯಿದೆ. ಮಣ್ಣೆತ್ತಿಗೆ ಕರ್ತೃವಿಲ್ಲ, ಮರುವರ್ಷ ಮತ್ತೆ ಮಾಡುವುದೇ ಅದರ ದಾಖಲೆ.

ಆದರೆ ಈ ಆಚರಣೆಗಳನ್ನು ಪರಿಸರವಾದವೆಂದು ಕೊಂಡಾಡುವುದು ಅವಸರದ ತೀರ್ಮಾನವಾದೀತು. ಒಕ್ಕಲಿಗನು ಬೇಡುವುದು ಮಳೆ, ಬೆಳೆ, ದನಕರುಗಳ ಕ್ಷೇಮವನ್ನು. ಕಾಳಜಿಯು ಇಲ್ಲಿ ಘೋಷಿತ ಆಶಯವಲ್ಲ; ತೆಗೆದುಕೊಂಡುದನ್ನು ಮರಳಿಸುವ ವಿಧಾನದಲ್ಲಿ ಅಡಗಿದ ಶಿಸ್ತು. ಆದ್ದರಿಂದ ವಿಧಾನ ಸಡಿಲಗೊಂಡರೆ, ಭಕ್ತಿ ಉಳಿದರೂ ಕಾಳಜಿ ಉಳಿಯದು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಗಣಪನೇ ಇದಕ್ಕೆ ಸಾಕ್ಷಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ವಿಗ್ರಹ ವಿಸರ್ಜನೆಗೆ 2010ರಲ್ಲಿ ಮಾರ್ಗಸೂಚಿ ನೀಡಿ, 2020ರಲ್ಲಿ ಅದನ್ನು ಪರಿಷ್ಕರಿಸಬೇಕಾಯಿತು. ಆಚರಣೆಯೊಳಗೇ ಇದ್ದ ನಿಯಮವು ಹೀಗೆ ಹೊರಗಿನ ಕಾನೂನಾಯಿತು.

ಟ್ರ್ಯಾಕ್ಟರ್ ಬಂದು ಹಟ್ಟಿಯ ಎತ್ತು ವಿರಳವಾದ ಮೇಲೂ ಮಣ್ಣೆತ್ತು ಜಗುಲಿಗೆ ಬರುತ್ತಿದೆ. ದುಡಿಮೆಯ ಸಂಗಾತಿಯ ಪ್ರತಿರೂಪವಾಗಿದ್ದುದು ನೆನಪಿನ ಪ್ರತಿಮೆಯಾಗುತ್ತಿದೆ. ಪೇಟೆಯಿಂದ ಬಣ್ಣ ಬಳಿದ ಜೋಡಿಯನ್ನು ಕೊಂಡು ತಂದಾಗ, ಮಕ್ಕಳ ಕೈಗೆ ಎರೆಮಣ್ಣಿನ ಹದ ತಿಳಿಯುವ ಅವಕಾಶವೂ ತಪ್ಪುತ್ತದೆ.

ಇದೇ ಜಿಲ್ಲೆಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಗ್ರಾಮಬದುಕನ್ನು ಸಿಮೆಂಟಿನ ಶಿಲ್ಪಗಳಲ್ಲಿ ಹಿಡಿದಿಟ್ಟಿದೆ. ರೂಪಗಳನ್ನು ಮುಂದಿನ ಪೀಳಿಗೆಗೆ ಕಾಯ್ದಿಡುವಲ್ಲಿ ಅದರ ಸಾಧನೆ ಗಣನೀಯ. ಆದರೆ ಶಿಲ್ಪವು ಉಳಿಯುವುದರಿಂದ ಕಾಯುತ್ತದೆ, ಮಣ್ಣೆತ್ತು ಅಳಿಯುವುದರಿಂದ. ಮೊದಲನೆಯದಕ್ಕೆ ನೋಡುಗ ಸಾಕು; ಎರಡನೆಯದಕ್ಕೆ ಹೊಲ, ಕೆರೆ, ಮಾಡುವ ಕೈ ಬೇಕು.

ಈ ಹಿನ್ನೆಲೆಯಲ್ಲಿ, ಮಣ್ಣೆತ್ತನ್ನು ಭೂಕಲೆಯೆಂದು ಕರೆಯುವುದರಿಂದ ಅದಕ್ಕೆ ಹೊಸ ಗೌರವವೇನೂ ದೊರೆಯದು. ಭೂಕಲೆಗೇ ಒಂದು ಹೊಸ ಅಳತೆಗೋಲು ದೊರೆಯುತ್ತದೆ. ನೆಲದಿಂದ ಎಷ್ಟು ತೆಗೆಯಲಾಯಿತು, ಎಷ್ಟು ಮರಳಿತು ಎಂಬುದೇ ಆ ಅಳತೆ. ಜಾನಪದ ಸಂಗ್ರಹಕಾರ್ಯವೂ ಹಾಡು, ಕಥೆ, ಪ್ರತಿಮೆಗಳಿಗೆ ಸೀಮಿತಗೊಳ್ಳದೆ, ಮಣ್ಣು ತರುವ ತಾವನ್ನೂ ಅದು ಮರಳುವ ನೀರನ್ನೂ ದಾಖಲಿಸುವುದು ಅಗತ್ಯ.