ಮುನಿದ ಲಕ್ಷ್ಮಿಗೆ ಒಂದು ಮಡಕೆ ರಸಗುಲ್ಲ

ಪುರಿಯ ರಥಯಾತ್ರೆ ಎಂದರೆ ನಮಗೆ ಗೊತ್ತಿರುವುದು ಮೂರು ರಥಗಳು, ಹಗ್ಗ, ಜನಸಾಗರ. ಟೀವಿಯವರೂ ಅಲ್ಲಿಗೇ ಕ್ಯಾಮೆರಾ ಮಡಚುತ್ತಾರೆ. ಸಿಹಿ ಪ್ರಿಯರಿಗೆ ಬೇಕಾದ ದಿನ ಬರುವುದು ಅದಾದ ಮೇಲೆ, ಆಷಾಢ ಶುದ್ಧ ತ್ರಯೋದಶಿಯಂದು. ಅದಕ್ಕೆ ‘ನೀಲಾದ್ರಿ ಬಿಜೆ’ ಎಂದು ಹೆಸರು. ಗುಂಡೀಚಾ ಗುಡಿಯಿಂದ ಮರಳಿದ ಜಗನ್ನಾಥ ತನ್ನ ಗುಡಿ ಶ್ರೀಮಂದಿರದ ಒಳಗೆ ಮತ್ತೆ ಕಾಲಿಡುವ ದಿನ. ಕಾಲಿಡಲು ಬಿಟ್ಟರೆ ತಾನೆ!

ಕಥೆ ಇಷ್ಟು. ಬಿದಿಗೆಯಂದು ಜಗನ್ನಾಥ ಅಣ್ಣ ಬಲಭದ್ರನನ್ನೂ ತಂಗಿ ಸುಭದ್ರೆಯನ್ನೂ ಕರೆದುಕೊಂಡು ರಥವೇರಿ ಗುಂಡೀಚಾ ಗುಡಿಗೆ ಹೊರಡುತ್ತಾನೆ, ಲಕ್ಷ್ಮಿಯನ್ನು ಮನೆಯಲ್ಲೇ ಬಿಟ್ಟು. ಐದನೆಯ ದಿನ, ಹೇರಾ ಪಂಚಮಿಯಂದು, ಅವಳು ಪಲ್ಲಕ್ಕಿ ಏರಿ ಗುಂಡೀಚಾ ಗುಡಿಯವರೆಗೂ ಹುಡುಕಿಕೊಂಡು ಹೋಗುತ್ತಾಳೆ. ಸಿಟ್ಟಿನಲ್ಲಿ ಗಂಡನ ನಂದಿಘೋಷ ರಥದ ಒಂದು ತುಂಡು ಮರ ಮುರಿಸಿ, ಯಾರ ಕಣ್ಣಿಗೂ ಬೀಳದಂತೆ ಬೇರೆ ಓಣಿಯಿಂದ ವಾಪಸಾಗುತ್ತಾಳೆ. ತ್ರಯೋದಶಿಯಂದು ಬಲಭದ್ರ, ಸುಭದ್ರೆಯರಿಗೆ ಅಡ್ಡಿಯಿಲ್ಲ, ಒಳಗೆ ಹೋಗುತ್ತಾರೆ. ಜಗನ್ನಾಥನ ಸರದಿ ಬಂದಾಗ ಜಯವಿಜಯ ದ್ವಾರ ಮುಚ್ಚಿಕೊಳ್ಳುತ್ತದೆ. ಬಾಗಿಲ ಹೊರಗೆ ಜಗನ್ನಾಥನ ಪರವಾಗಿ ಅವನ ಸೇವಕರಾದ ದೈತಾಪತಿಗಳು, ಒಳಗೆ ಲಕ್ಷ್ಮಿಯ ಪರವಾಗಿ ಅವಳ ಸೇವಕರು. ಹಿಂದೆ ಈ ಕೆಲಸ ದೇವದಾಸಿಯರದಾಗಿತ್ತು. ಮಾತಿಗೆ ಮಾತು ಬೆಳೆಯುತ್ತದೆ. ದೂರು, ಸಮಜಾಯಿಷಿ, ಮತ್ತೆ ದೂರು. ಕೊನೆಗೆ ಜಗನ್ನಾಥ ರಸಗುಲ್ಲ ಒಪ್ಪಿಸುತ್ತಾನೆ, ಬಾಗಿಲು ತೆರೆಯುತ್ತದೆ.

ಪ್ರಣಯಕಲಹದ ಉತ್ಸವ ನಮಗೆ ಹೊಸದಲ್ಲ. ತಿರುಮಲೆಯಲ್ಲಿ ದೇವಿಯರ ಕಡೆಯಿಂದ ಸ್ವಾಮಿಯ ಮೇಲೆ ಹೂವಿನ ಚೆಂಡು ಬೀಳುವುದನ್ನು ಎಷ್ಟೋ ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. ಪುರಿಯ ವಿಶೇಷವೆಂದರೆ ಅಲ್ಲಿ ರಾಜಿಗೆ ಒಂದು ತಿಂಡಿ ಬೇಕೇ ಬೇಕು. ನೈವೇದ್ಯದ ಎಲೆಯಲ್ಲಿ ಹತ್ತರ ಜೊತೆ ಹನ್ನೊಂದಾಗಿ ಬರುವ ಸಿಹಿ ಇದಲ್ಲ. ಇದಿಲ್ಲದೆ ಆ ದಿನದ ಆಚರಣೆ ಮುಗಿಯುವುದೇ ಇಲ್ಲ. ಸಿಹಿಯೊಂದಕ್ಕೆ ಹಬ್ಬದಲ್ಲಿ ಇಷ್ಟು ದೊಡ್ಡ ಕೆಲಸ ವಹಿಸಿದ ಇನ್ನೊಂದು ಊರು ನನಗಂತೂ ಗೊತ್ತಿಲ್ಲ.

2015ರಲ್ಲಿ, ಜಗನ್ನಾಥನ ಮರದ ವಿಗ್ರಹವನ್ನು ಹೊಸದಾಗಿ ಮಾಡುವ ನವಕಳೇಬರದ ವರ್ಷ, ಜುಲೈ 30ಕ್ಕೆ ಬಂದ ನೀಲಾದ್ರಿ ಬಿಜೆಯನ್ನು ಒಡಿಶಾದ ಜನ ‘ರಸಗೊಲಾ ದಿಬಸ’ ಎಂದು ಕರೆದು ಆಚರಿಸಿದರು. ಸರ್ಕಾರಿ ಆಜ್ಞೆಯಿಂದ ಹುಟ್ಟಿದ್ದಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಯುವಕರು ಎಬ್ಬಿಸಿದ ಕೂಗು ಅದು. ಈಗ ಆ ದಿನ ದೇವರು ಇನ್ನೂ ರಥದ ಮೇಲಿರುವಾಗಲೇ ಭಕ್ತರು ಮಣ್ಣಿನ ಮಡಕೆಗಳಲ್ಲಿ ರಸಗುಲ್ಲ ತಂದು ಅರ್ಪಿಸುತ್ತಾರೆ.

ಕೂಗಿಗೆ ಕಾರಣ ಬಂಗಾಳ. ಕೋಲ್ಕತ್ತದ ಬಾಗ್‌ಬಜಾರಿನ ನೊಬಿನ್ ಚಂದ್ರ ದಾಸ್ 1868ರಲ್ಲಿ ರಸಗುಲ್ಲ ಕಂಡುಹಿಡಿದರು ಎಂಬುದು ಬಂಗಾಳಿಗಳ ದೃಢ ನಂಬಿಕೆ. ಒಡಿಶಾದವರು ಒಡಿಯಾ ಕವಿ ಬಲರಾಮ ದಾಸನ ದಾಂಡಿ ರಾಮಾಯಣದಲ್ಲಿ ರಸಗುಲ್ಲದ ಹೆಸರಿದೆ ಎಂದು ತೋರಿಸಿದರು. ಅದು ಶತಮಾನಗಳಷ್ಟು ಹಿಂದಿನ ಕೃತಿ. ಜಗಳ ಭೌಗೋಳಿಕ ಸೂಚಿಕೆಯ (ಜಿ.ಐ.) ಕಚೇರಿ ತಲುಪಿತು. 2017ರ ನವೆಂಬರ್ 14ರಂದು ‘ಬಾಂಗ್ಲಾರ್ ರಸಗುಲ್ಲ’ಕ್ಕೆ ಮಾನ್ಯತೆ ಸಿಕ್ಕಿತು, 2019ರ ಜುಲೈ 29ರಂದು ‘ಒಡಿಶಾ ರಸಗುಲ್ಲ’ಕ್ಕೂ ಸಿಕ್ಕಿತು. ಬಂಗಾಳ ಸರ್ಕಾರ ನವೆಂಬರ್ 14ನ್ನು ತನ್ನ ರಸಗುಲ್ಲ ದಿನ ಮಾಡಿಕೊಂಡಿತು. ನೊಬಿನ್ ದಾಸರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೂ ಪ್ರಮಾಣಪತ್ರ ಬಂದ ತಾರೀಖು ಹಬ್ಬವಾಗುವುದಕ್ಕಿಂತ ಬಾಗಿಲು ತೆರೆದ ತಿಥಿ ಹಬ್ಬವಾಗುವುದು ನನಗೆ ಹೆಚ್ಚು ಹಿಡಿಸುತ್ತದೆ.

ಬಂಗಾಳದ ವಾದಕ್ಕೆ ಒಂದು ಆಧಾರವಿತ್ತು: ಹಾಲು ಒಡೆಸುವುದು ಅಶುಭವೆಂಬ ಹಳೆಯ ನಂಬಿಕೆಯಿಂದಾಗಿ ದೇವರಿಗೆ ಛೆನಾ, ಅಂದರೆ ಒಡೆದ ಹಾಲಿನ ಗಟ್ಟಿ, ಸಲ್ಲುತ್ತಿರಲಿಲ್ಲ; ಹೂಗ್ಲಿ ದಂಡೆಯ ಪೋರ್ಚುಗೀಸರಿಂದಲೇ ಬಂಗಾಳ ಅದನ್ನು ಕಲಿತದ್ದು. ಈ ವಿಚಾರವನ್ನು ಬಹಳ ಜನರಿಗೆ ಮುಟ್ಟಿಸಿದವರು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ, ನಮ್ಮ ಕೊಳ್ಳೇಗಾಲದಲ್ಲಿ ಹುಟ್ಟಿದವರು. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ತೆರೆದು ನೋಡಿ. 1130ರ ಸುಮಾರಿನ ಆ ಸಂಸ್ಕೃತ ಗ್ರಂಥದಲ್ಲಿ ಕಾದ ಹಾಲಿಗೆ ಹುಳಿ ಬೆರೆಸಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿ ಹಿಟ್ಟು ಕೂಡಿಸಿ, ಕರಿದು ಸಕ್ಕರೆ ಸೇರಿಸುವ ಸಿಹಿ ಇದೆ. ಪೋರ್ಚುಗೀಸರ ಹಡಗು ಬರುವ ಮುನ್ನೂರೈವತ್ತು ವರ್ಷಕ್ಕೂ ಮುಂಚೆ, ಇಂದಿನ ಬಸವಕಲ್ಯಾಣದ ಅರಮನೆ ಅಡುಗೆಯಲ್ಲಿ ಒಡೆದ ಹಾಲಿನ ಸಿಹಿ ಇತ್ತು. ಅದು ರಸಗುಲ್ಲವಲ್ಲ, ಒಡಿಶಾದ ಹಕ್ಕನ್ನು ಅದು ಸಾಧಿಸಿಕೊಡುವುದೂ ಇಲ್ಲ. ಈ ನೆಲಕ್ಕೆ ಹಾಲು ಒಡೆಸುವುದೇ ಗೊತ್ತಿರಲಿಲ್ಲ ಎಂಬ ಮಾತಂತೂ ಅಲ್ಲಿಗೆ ಬಿದ್ದುಹೋಗುತ್ತದೆ.

ಎರಡನ್ನೂ ತಿಂದವರಿಗೆ ಈ ಜಗಳ ಬೇಗ ಮುಗಿಯುತ್ತದೆ, ಏಕೆಂದರೆ ಅವು ಬೇರೆ ಬೇರೆ ಸಿಹಿಗಳು. ಬಂಗಾಳದ್ದು ಹಾಲಿನಷ್ಟು ಬಿಳಿ. ಹಿಂಡಿದರೆ ಕುಗ್ಗಿ, ಬಿಟ್ಟರೆ ಉಬ್ಬುತ್ತದೆ, ಹಲ್ಲಿಗೆ ಒಂದಿಷ್ಟು ಎದುರು ಕೊಡುತ್ತದೆ. ಒಡಿಶಾದ್ದು ಕೆನೆಬಣ್ಣದಿಂದ ನಸುಗೆಂಪಿನವರೆಗೆ. ಹಲ್ಲಿನ ಕೆಲಸವಿಲ್ಲ, ನಾಲಿಗೆಗೂ ಅಂಗುಳಕ್ಕೂ ನಡುವೆಯೇ ಒಡೆಯುತ್ತದೆ. ಆ ಕೆಂಪು, ಪಾಕದ ಸಕ್ಕರೆ ಕಂದುವುದರಿಂದ ಬಂದದ್ದು. ಅದರ ಜೊತೆಗೇ ಒಂದು ಸಣ್ಣ ಸುಟ್ಟ ಪರಿಮಳವೂ ಬರುತ್ತದೆ.

ಭುವನೇಶ್ವರದಿಂದ ಕಟಕಕ್ಕೆ ಹೋಗುವ ಹೆದ್ದಾರಿಯಲ್ಲಿ ಪಹಾಲ ಎಂಬ ಊರಿದೆ. ರಸ್ತೆಯುದ್ದಕ್ಕೂ ಸಿಹಿ ಅಂಗಡಿಗಳು. ಅಲ್ಲಿ ಮುಂದೆ ನಿಂತು ನೋಡಬೇಕಾದದ್ದು ಛೆನಾ ನಾದುವ ಕೈ. ಅಂಗೈಯ ಬುಡದಿಂದ ಛೆನಾವನ್ನು ಹಲಗೆಯ ಮೇಲೆ ಮುಂದಕ್ಕೆ ಉಜ್ಜುತ್ತಾರೆ, ಗುಡ್ಡೆ ಮಾಡುತ್ತಾರೆ, ಮತ್ತೆ ಉಜ್ಜುತ್ತಾರೆ. ತರಿತರಿ ಹೋಗಿ, ಜಿಡ್ಡು ಅಂಗೈಗೆ ಹತ್ತಿ ಹೊಳೆಯತೊಡಗಿದಾಗ ಕೈ ನಿಲ್ಲುತ್ತದೆ. ಒಂದು ಸುತ್ತು ಹೆಚ್ಚಾದರೆ ಜಿಡ್ಡು ಬಿಟ್ಟು ಉಂಡೆ ಪಾಕದಲ್ಲಿ ಬಿರಿಯುತ್ತದೆ. ಒಂದು ಸುತ್ತು ಕಡಿಮೆಯಾದರೆ ನಡುವೆ ಗಟ್ಟಿ ಉಳಿಯುತ್ತದೆ. ಸ್ವಲ್ಪ ರವೆ ಬೆರೆಸಿ ಉಂಡೆ ಕಟ್ಟಿ ಕುದಿಯುವ ಪಾಕಕ್ಕೆ ಬಿಟ್ಟರೆ, ನೊರೆ ಉಕ್ಕಿ ಉಂಡೆಗಳು ಅದರಡಿ ಮರೆಯಾಗುತ್ತವೆ. ಉಂಡೆಯೊಳಗಿನ ನೀರು ಹಬೆಯಾಗಿ ಒಳಗೆಲ್ಲ ರಂಧ್ರ ಮಾಡುತ್ತದೆ, ಆ ರಂಧ್ರಗಳಿಗೆ ಪಾಕ ಇಳಿಯುತ್ತದೆ. ಪಾಕ ಎಳೆ ಬಂದರೆ ಕೆಟ್ಟಿತು; ಹಾಗಾಗಿ ಆಗಾಗ ನೀರು ಚಿಮುಕಿಸುತ್ತಲೇ ಇರಬೇಕು. ಹಾಲು ಹಸುವಿನದೇ ಆಗಬೇಕು, ಎಮ್ಮೆ ಹಾಲಿನ ಛೆನಾ ಬಿರುಸು.

ಇಷ್ಟು ಮೃದುವಾದ ಸಿಹಿ ದೂರ ಹೋಗಲಾರದು. ಅತ್ತ ಬಂಗಾಳದಲ್ಲಿ ನೊಬಿನ್ ದಾಸರ ಮಗ ಕೃಷ್ಣ ಚಂದ್ರ ದಾಸ್ 1930ರಲ್ಲಿ ರಸಗುಲ್ಲವನ್ನು ಡಬ್ಬಿಗೆ ತುಂಬಿ ಮಾರಲು ಶುರು ಮಾಡಿದರು. ಬಂಗಾಳದ ರಸಗುಲ್ಲ ದೇಶಕ್ಕೆಲ್ಲ ತಿಳಿದದ್ದು, ಒಡಿಶಾದ್ದು ಪಹಾಲ, ಸಾಲೇಪುರದಂಥ ಊರುಗಳ ಆಸುಪಾಸಿನಲ್ಲೇ ಉಳಿದದ್ದು ಬಹುಮಟ್ಟಿಗೆ ಇದರಿಂದಲೇ ಎಂದು ನನ್ನ ತೀರ್ಮಾನ. 1965ರಲ್ಲಿ ಹಾಲಿನ ಅಭಾವ ನೀಗಲೆಂದು ಪಶ್ಚಿಮ ಬಂಗಾಳ ಸರ್ಕಾರ ಛೆನಾ ಸಿಹಿಗಳನ್ನೇ ನಿರ್ಬಂಧಿಸಿತ್ತು. ಆ ಪೆಟ್ಟಿನ ಬಳಿಕ, 1970ರ ದಶಕದಲ್ಲಿ, ಕೃಷ್ಣ ಚಂದ್ರರ ಹೆಸರಿನ ಕೆ.ಸಿ. ದಾಸ್ ಅಂಗಡಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಗೆ, ಚರ್ಚ್ ಸ್ಟ್ರೀಟ್ ಕೂಡುವ ಮೂಲೆಗೆ ಬಂತು. ಬೆಂಗಳೂರಿನ ಎಷ್ಟೋ ಮನೆಗಳಿಗೆ ರಸಗುಲ್ಲ ಎಂದರೆ ಏನೆಂದು ಗೊತ್ತಾದದ್ದು ಆ ಮೂಲೆಯಿಂದ. ಅದಕ್ಕೆ ನಾವು ಋಣಿಗಳು. ಆದರೆ ಬಿಳಿ, ತಣ್ಣನೆಯ, ಗಟ್ಟಿ ಗುಂಡೊಂದೇ ರಸಗುಲ್ಲ ಎಂಬ ತಿಳಿವಳಿಕೆಯೂ ನಮ್ಮಲ್ಲಿ ಹಾಗೇ ಕೂತುಬಿಟ್ಟಿತು.

ಬರುವ ಆಷಾಢ ತ್ರಯೋದಶಿಗೆ ಪುರಿಗೆ ಹೋಗಲಾಗದವರು ಒಂದು ಲೀಟರ್ ಹಸುವಿನ ಗಟ್ಟಿ ಹಾಲು ತನ್ನಿ. ಕುದಿಸಿ ಇಳಿಸಿ, ಎರಡು ನಿಮಿಷ ಆರಿದ ಮೇಲೆ ನೀರು ಬೆರೆಸಿದ ನಿಂಬೆರಸ ಸ್ವಲ್ಪಸ್ವಲ್ಪವಾಗಿ ಹಾಕಿ. ನೀರು ತಿಳಿಹಸಿರಾದೊಡನೆ ನಿಲ್ಲಿಸಿ. ಬಟ್ಟೆಯಲ್ಲಿ ಸೋಸಿ ತಣ್ಣೀರಿನಲ್ಲಿ ತೊಳೆದು ನೇತುಹಾಕಿ. ಮುದ್ದೆ ಹಿಡಿದರೆ ನೀರು ಜಿನುಗಬಾರದು, ಪುಡಿಯೂ ಆಗಬಾರದು. ಒಂದು ಚಮಚ ಚಿರೋಟಿ ರವೆ ಸಾಕು. ಪಹಾಲದವರಂತೆ ನಾದಿ ಉಂಡೆ ಕಟ್ಟಿ ಪಾಕಕ್ಕೆ ಹಾಕುವ ಮೊದಲು, ಒಂದು ಹಿಡಿ ಸಕ್ಕರೆಯನ್ನು ಬೇರೆ ಬಾಣಲೆಯಲ್ಲಿ ಕೆಂಪಗೆ ಕರಗಿಸಿ ಆ ಪಾಕಕ್ಕೆ ಸೇರಿಸಿದರೆ ಪಹಾಲದ ಬಣ್ಣಕ್ಕೆ ಹತ್ತಿರ ಬರುತ್ತದೆ. ಫ್ರಿಜ್ಜಿನ ಕಡೆ ಹೋಗಬೇಡಿ. ಉಗುರುಬೆಚ್ಚಗಿರುವಾಗಲೇ ಬಡಿಸಿ, ಮೊದಲನೆಯದನ್ನು ಮನೆಯಲ್ಲಿ ಯಾರು ಮುನಿಸಿಕೊಂಡಿದ್ದಾರೋ ಅವರಿಗೆ.